ಕಣ್ಣಿನಿಂದ ಕೇಳಿದ ನಟ

1972ರ ‘ಬಂಗಾರದ ಮನುಷ್ಯ’ವನ್ನು ಮೊದಲು ನೋಡಿದಾಗ ನನಗೊಂದು ಸಂಗತಿ ತಿಳಿದಿರಲಿಲ್ಲ. ರಾಚೂಟಪ್ಪನಾಗಿ ಅಷ್ಟು ಚುರುಕಾಗಿ ಮಾತಿಗೆ ಮಾತು ಜೋಡಿಸಿದ ಟಿ.ಎನ್. ಬಾಲಕೃಷ್ಣರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ! ಎದುರು ನಟನ ತುಟಿಯ ಚಲನೆಯನ್ನೇ ಗಮನಿಸಿ ಅವರು ತಮ್ಮ ಸರದಿಯನ್ನು ಹಿಡಿಯುತ್ತಿದ್ದರಂತೆ. ತಿಳಿದ ಮೇಲೆ ಮತ್ತೊಮ್ಮೆ ಚಿತ್ರ ನೋಡಿದೆ. ಈ ಸಲ ನನ್ನ ದೃಷ್ಟಿಯೆಲ್ಲ ಅವರ ಕಣ್ಣುಗಳ ಮೇಲೆಯೇ.

ಅರಸೀಕೆರೆಯವರಾದ ಬಾಲಕೃಷ್ಣರು ನಾಟಕ ಕಂಪನಿಗಳಲ್ಲಿ ಪಳಗಿ, 1943ರ ‘ರಾಧಾರಮಣ’ದಿಂದ ಚಿತ್ರರಂಗಕ್ಕೆ ಬಂದರು. ಖಳನಾಗಿ, ಹಾಸ್ಯಗಾರನಾಗಿ, ಮುದಿ ತಂದೆಯಾಗಿ ಅಭಿನಯಿಸಿದ ಚಿತ್ರಗಳು ಐನೂರಕ್ಕೂ ಹೆಚ್ಚು.

ಆಗ ಕನ್ನಡ ಚಿತ್ರಗಳು ಬಹುಪಾಲು ಮದರಾಸಿನಲ್ಲೇ ತಯಾರಾಗುತ್ತಿದ್ದವು. ಕನ್ನಡದ ಕಲಾವಿದರಿಗೆ ಕೆಲಸವೇ ವಿರಳವಾದಾಗ ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಇವರೊಡಗೂಡಿ ಬಾಲಕೃಷ್ಣರು 1960ರಲ್ಲಿ ‘ರಣಧೀರ ಕಂಠೀರವ’ವನ್ನು ನಿರ್ಮಿಸಿದರು. ಆ ಸಾಹಸಕ್ಕೆ ನಾಲ್ವರು ಹೆಗಲು ಕೊಟ್ಟಿದ್ದರು. ಕನ್ನಡ ಚಿತ್ರಕ್ಕೆ ಕನ್ನಡ ನೆಲದಲ್ಲೇ ಮನೆ ಬೇಕೆಂದು ಬೆಂಗಳೂರಿನ ಕೆಂಗೇರಿಯ ಬಳಿ ‘ಅಭಿಮಾನ್’ ಸ್ಟುಡಿಯೋವನ್ನು ಕಟ್ಟಹೊರಟಾಗ ಭಾರವೆಲ್ಲ ಅವರೊಬ್ಬರದೇ ಆಯಿತು. ದುಡಿದದ್ದೆಲ್ಲ ಅದಕ್ಕೇ ಸಂದಿತು. ಹಣದ ಮುಗ್ಗಟ್ಟು ಮಾತ್ರ ತಪ್ಪಲಿಲ್ಲ. ಅದನ್ನು ಹುಚ್ಚುಹಂಬಲವೆಂದವರುಂಟು. ನಾನು ಹಾಗೆನ್ನಲಾರೆ.

1995ರಲ್ಲಿ ಅವರು ತೀರಿಕೊಂಡರು. 2009ರ ಡಿಸೆಂಬರಿನಲ್ಲಿ ನಟ ವಿಷ್ಣುವರ್ಧನರ ಅಂತ್ಯಸಂಸ್ಕಾರ ನಡೆದದ್ದು ಆ ಸ್ಟುಡಿಯೋದ ನೆಲದಲ್ಲಿಯೇ.