ಎಂಜಿನಿಯರ್ ಅಲ್ಲದ ರೇಡಿಯೋ ಮೇಷ್ಟ್ರು

ಎಲೆಕ್ಟ್ರಾನಿಕ್ಸ್ ಪದವಿ ಮುಗಿಸಿ ಸರಸ್ವತಿಪುರಂನಲ್ಲಿದ್ದುಕೊಂಡು ಕೆಲಸ ಹುಡುಕುತ್ತಿರುವ ನನಗೆ ಪ್ರತಿ ಅರ್ಜಿಯಲ್ಲೂ ಎದುರಾಗುವುದು ಒಂದೇ ಪ್ರಶ್ನೆ: ಯಾವ ಬ್ರಾಂಚ್? ಆಗೆಲ್ಲ ನೆನಪಾಗುವವರು ನಮ್ಮೂರಿನ ಡಾ. ಎಂ.ವಿ. ಗೋಪಾಲಸ್ವಾಮಿ. ಅವರ ಬ್ರಾಂಚ್ ಮನಃಶಾಸ್ತ್ರ. ಕಟ್ಟಿದ್ದು ರೇಡಿಯೋ ನಿಲಯ.

ಲಂಡನ್‌ನಲ್ಲಿ ಓದಿ ಬಂದ ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಬೆಳೆಸಿದರು, ಮಹಾರಾಜ ಕಾಲೇಜಿನ ಪ್ರಾಂಶುಪಾಲರೂ ಆದರು. 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಪ್ರಸಾರ ಆರಂಭಿಸಿದರು. ಟ್ರಾನ್ಸ್‌ಮಿಟರ್‌ನ ಶಕ್ತಿ 30 ವ್ಯಾಟ್. ಹಳೆಯ 40 ವ್ಯಾಟ್ ಬಲ್ಬಿಗಿಂತಲೂ ಕಡಿಮೆ! ಮೊದಲ ಪ್ರಸಾರದಲ್ಲಿ ಕುವೆಂಪು ಕವಿತೆ ವಾಚಿಸಿದರು. ನಿಲಯದ ಹೆಸರು ‘ಆಕಾಶವಾಣಿ’. ಸ್ವಂತ ದುಡ್ಡು ಹಾಕಿ, ಊರಿನವರ ನೆರವು ಕೇಳಿ ನಿಲಯ ನಡೆಸಿದರು. ಮುಂದೆ 250 ವ್ಯಾಟ್‌ನ ಯಂತ್ರ ಬಂತು. ಖರ್ಚು ಒಬ್ಬರ ಕೈಮೀರಿದಾಗ, 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು.

ಅಂದಿನ ಕೇಳುಗರಿಗೆ ರಾತ್ರಿ ಹೊತ್ತು ದೂರದ ನಿಲಯಗಳ ದನಿ ಏರುತ್ತ, ಇಳಿಯುತ್ತ ಕೇಳುತ್ತಿತ್ತು. ನೆಲದ ಮೇಲೆ ಹರಿದು ಬಂದ ಅಲೆಯೂ, ಆಕಾಶದ ಅಯಾನುಗೋಳಕ್ಕೆ ತಾಗಿ ಮರಳಿದ ಅಲೆಯೂ ಒಮ್ಮೆ ಕೂಡುತ್ತಿದ್ದವು, ಒಮ್ಮೆ ಒಂದನ್ನೊಂದು ಅಳಿಸುತ್ತಿದ್ದವು. ಇವನ್ನು ಬೇರ್ಪಡಿಸಿ ಕೇಳಿಸುವ ದಾರಿ ಮನೆಯ ಸೆಟ್ಟಿಗೆ ತಿಳಿದಿರಲಿಲ್ಲ.

ಇಂದು ನಮ್ಮ ಬಡಾವಣೆಯಲ್ಲೂ ಅದೇ ತೊಡಕಿದೆ. ಟವರ್‌ನ ಸಿಗ್ನಲ್ ನೇರವಾಗಿಯೂ ಬರುತ್ತದೆ, ಕಟ್ಟಡಗಳಿಗೆ ಬಡಿದೂ ಬರುತ್ತದೆ. 300 ಮೀಟರ್ ಸುತ್ತಿ ಬಂದ ಅಲೆ ಒಂದು ಮೈಕ್ರೋಸೆಕೆಂಡ್ ತಡ. ಅಮೆರಿಕದ ರಾಬರ್ಟ್ ಪ್ರೈಸ್ ಮತ್ತು ಪಾಲ್ ಗ್ರೀನ್ 1958ರಲ್ಲಿ ಪ್ರಕಟಿಸಿದ ‘ರೇಕ್’ ರಿಸೀವರ್ ಈ ಪ್ರತಿಧ್ವನಿಗಳನ್ನು ಎಸೆಯುವುದಿಲ್ಲ. ಕಸ ಬಾಚುವ ಹಲ್ಲುಕೋಲಿನ ಒಂದೊಂದು ಹಲ್ಲು ಒಂದೊಂದು ದಾರಿಯ ಸಿಗ್ನಲ್ ಹಿಡಿದಂತೆ ಅದು ಕೆಲಸ ಮಾಡುತ್ತದೆ. ಎಲ್ಲದರ ಕಾಲ ಹೊಂದಿಸಿ, ಬಲವಾದದ್ದಕ್ಕೆ ಹೆಚ್ಚು ತೂಕ ಕೊಟ್ಟು, ಕೂಡಿಸುತ್ತದೆ. 3ಜಿ ಫೋನುಗಳು ಕೆಲಸ ಮಾಡಿದ್ದು ಹೀಗೆ.

ಗೋಪಾಲಸ್ವಾಮಿ ಈ ಆವಿಷ್ಕಾರ ನೋಡಲಿಲ್ಲ, 1957ರಲ್ಲೇ ತೀರಿಕೊಂಡರು. ಆದರೆ ಅವರು ಮನುಷ್ಯರೊಂದಿಗೆ ಮಾಡಿದ್ದು ಇದನ್ನೇ ಎನಿಸುತ್ತದೆ. ಯಂತ್ರ ಬಲ್ಲವರು, ಹಾಡುವವರು, ಬರೆಯುವವರು, ದುಡ್ಡು ಕೊಡುವವರು ಬೇರೆ ಬೇರೆ ದಾರಿಯಿಂದ ಬಂದರು. ಎಲ್ಲರನ್ನೂ ಹೊತ್ತಿಗೆ ಸರಿಯಾಗಿ ಒಂದು ಮೈಕಿನ ಮುಂದೆ ಕೂಡಿಸಿದವರು ಈ ಮೇಷ್ಟ್ರು. ಅವರ ಮನೆಯ ನಿಲಯದ ಹೆಸರನ್ನೇ ಮುಂದೆ ಇಡೀ ದೇಶದ ಬಾನುಲಿ ತನ್ನದಾಗಿಸಿಕೊಂಡಿತು.

ಗೆಳೆಯರೇ, ನಮ್ಮ ಅಂಕಪಟ್ಟಿಯ ವಿಷಯ ಒಂದೇ ಇರಬಹುದು. ಉಳಿದದ್ದನ್ನು ಬಲ್ಲವರು ಪಕ್ಕದ ಬೀದಿಯಲ್ಲೇ ಇರುತ್ತಾರೆ. ಹೋಗಿ ಕೇಳಬೇಕು, ಅಷ್ಟೆ.