ಹಗ್ಗ ಹೊಸೆದ ಎಂಜಿನಿಯರ್

ಲಿಫ್ಟ್‌ನಲ್ಲಿ ನಿಂತಾಗ ನಮ್ಮ ಕಣ್ಣು ಗುಂಡಿಗಳ ಮೇಲಿರುತ್ತದೆ. ಹೊತ್ತೊಯ್ಯುವ ಉಕ್ಕಿನ ಹಗ್ಗ ನೆನಪಾಗುವುದೇ ಇಲ್ಲ. ಅಮೆರಿಕದಲ್ಲಿ ಅಂಥ ಹಗ್ಗದ ತಯಾರಿಕೆಯನ್ನು ಉದ್ಯಮವಾಗಿ ಬೆಳೆಸಿದವರು ಜಾನ್ ರೋಬ್ಲಿಂಗ್. 1806ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಬರ್ಲಿನ್‌ನಲ್ಲಿ ಎಂಜಿನಿಯರಿಂಗ್ ಓದಿ, 1831ರಲ್ಲಿ ಅಮೆರಿಕ ಸೇರಿದರು. ಪೆನ್ಸಿಲ್ವೇನಿಯದಲ್ಲಿ ಬೇಸಾಯಕ್ಕಿಳಿದರು, ಅದು ಕೈಹಿಡಿಯಲಿಲ್ಲ.

ಅಲ್ಲಿ ಕಾಲುವೆಯ ದೋಣಿಗಳನ್ನು ಅಲೆಗೆನಿ ಬೆಟ್ಟ ದಾಟಿಸಲು ಇಳಿಜಾರು ಹಳಿಗಳ ಮೇಲೆ ನಾರಿನ ಹಗ್ಗದಿಂದ ಎಳೆಯುತ್ತಿದ್ದರು. ಹಗ್ಗ ಬೇಗ ಸವೆದು ತುಂಡಾಗುತ್ತಿತ್ತು. 1841ರಲ್ಲಿ ರೋಬ್ಲಿಂಗ್ ಮನೆಯ ಹಿಂದಿನ ಹುಲ್ಲುಗಾವಲಿನಲ್ಲೇ, ನೆರೆಯ ರೈತರನ್ನು ಕಟ್ಟಿಕೊಂಡು ಕಬ್ಬಿಣದ ತಂತಿ ಹೊಸೆದರು. ಲ್ಯಾಬ್ ಸರಿಯಿಲ್ಲ ಎಂದು ಗೊಣಗುವ ನನ್ನಂಥವರಿಗೆ ಇದು ಸ್ವಲ್ಪ ಚುಚ್ಚುತ್ತದೆ. ಮುಂದೆ ಟ್ರೆಂಟನ್‌ನಲ್ಲಿ ಕಾರ್ಖಾನೆ ತೆರೆದರು. ಲಿಫ್ಟ್‌ಗಳಿಗೂ ಅಲ್ಲಿಂದ ಹಗ್ಗ ಹೋಯಿತು.

ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯನ್ನು ಅಗತ್ಯಕ್ಕಿಂತ ಆರು ಪಟ್ಟು ಬಲವಾಗಿ ವಿನ್ಯಾಸ ಮಾಡಿದರು. 1869ರಲ್ಲಿ ಅದರ ಸರ್ವೆ ನಡೆಸುವಾಗ ದೋಣಿ ಬಡಿದು ಪಾದ ಜಜ್ಜಿಹೋಯಿತು. ವೈದ್ಯರ ಮಾತು ಕೇಳದೆ ನೀರಿನ ಚಿಕಿತ್ಸೆಯನ್ನೇ ನಂಬಿ, ಧನುರ್ವಾಯುವಿನಿಂದ ತೀರಿಕೊಂಡರು. ಲೆಕ್ಕದಲ್ಲಿ ಅಷ್ಟು ಎಚ್ಚರವಿದ್ದವರು ತಮ್ಮ ದೇಹದ ವಿಷಯದಲ್ಲಿ ಏಕೆ ಹಟ ಹಿಡಿದರೋ!

ಕೆಲಸ ಮಗ ವಾಷಿಂಗ್ಟನ್ ಹೆಗಲಿಗೆ ಬಿತ್ತು. ಕೇಬಲ್‌ಗಳಿಗೆ ತುಕ್ಕು ತಡೆಯುವ ಸತುವಿನ ಲೇಪನವಿದ್ದ ಉಕ್ಕಿನ ತಂತಿ ಬಳಸಿದರು. ಆದರೆ ಗುತ್ತಿಗೆದಾರನೊಬ್ಬ ತಪಾಸಣೆಯಾದ ಒಳ್ಳೆಯ ತಂತಿಯನ್ನು ದಾರಿಯಲ್ಲೇ ಬದಲಿಸಿ ಕಳಪೆ ತಂತಿ ಸಾಗಿಸುತ್ತಿದ್ದದ್ದು 1878ರಲ್ಲಿ ಬಯಲಾಯಿತು. ಅಷ್ಟರಲ್ಲಿ ಅದು ಕೇಬಲ್‌ಗಳೊಳಗೆ ಸೇರಿಹೋಗಿತ್ತು, ತೆಗೆಯುವಂತಿರಲಿಲ್ಲ. ಪ್ರತಿ ಕೇಬಲ್‌ಗೆ ಸುಮಾರು 150 ತಂತಿ ಹೆಚ್ಚಾಗಿ ಸೇರಿಸಿದರು. ತಂದೆ ಇಟ್ಟಿದ್ದ ಆರು ಪಟ್ಟು ಬಲ ಐದಕ್ಕೆ ಇಳಿದರೂ ಸಾಕಾಯಿತು. 1883ರಲ್ಲಿ ತೆರೆದ ಆ ಸೇತುವೆಯೊಳಗೆ ಕಳಪೆ ತಂತಿ ಇಂದಿಗೂ ಇದೆ.