ಮರೆವಿಗೆ ಲೆಕ್ಕವಿಟ್ಟ ಎಬ್ಬಿಂಗ್‌ಹೌಸ್

ಮನಃಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಹರ್ಮನ್ ಎಬ್ಬಿಂಗ್‌ಹೌಸನಿಗೆ ದೊರೆಯುವುದು ಹೆಚ್ಚೆಂದರೆ ಒಂದು ಪುಟ. ಆ ಪುಟದಲ್ಲಿಯೂ ಅರ್ಧ ಭಾಗ ಒಂದು ರೇಖಾಚಿತ್ರದ ಪಾಲು. ಮೊದಲು ಜಾರುಬಂಡೆಯಂತೆ ಸರ್ರನೆ ಇಳಿದು, ಆಮೇಲೆ ನೆಲಕ್ಕೆ ತಾಗದೆಯೇ ಮೆಲ್ಲಗೆ ಸಾಗುವ ಆ ಗೆರೆಗೆ ಮರೆವಿನ ರೇಖೆಯೆಂದು ಹೆಸರು. ಪರೀಕ್ಷೆಯಲ್ಲಿ ಅದನ್ನು ಬರೆದು, ಅಂಕಗಳನ್ನು ಪಡೆದು, ಬಳಿಕ ಅದನ್ನೂ ಮರೆಯುವುದು ನಮ್ಮಲ್ಲಿ ವಾಡಿಕೆ. ಆ ಗೆರೆಯ ಹಿಂದೆ ಬಾಳಿದ ಮನುಷ್ಯನು ಎಂಥವನೆಂಬ ಕುತೂಹಲ ನನಗೆ ಹುಟ್ಟಿದ್ದು ತರಗತಿಯಲ್ಲಿ ಅಲ್ಲ, ಜಪಾನೀ ಭಾಷೆಯ ಅಭ್ಯಾಸದಲ್ಲಿ.

ಜಪಾನೀ ಭಾಷೆಯನ್ನು ಕಲಿಯಹೊರಟವನಿಗೆ ಮೊದಲು ಹಿರಗಾನವೆಂಬ 46 ಮೂಲಾಕ್ಷರಗಳು, ಆಮೇಲೆ ಕತಕಾನವೆಂಬ ಇನ್ನೂ 46. ಇವು ಹೇಗೋ ಕೈವಶವಾಗುತ್ತವೆ. ಅನಂತರ ಬರುವುದು ಕಾಂಜಿಗಳ ಪರ್ವತ. ಜಪಾನ್ ಸರ್ಕಾರವು 2010ರಲ್ಲಿ ಪರಿಷ್ಕರಿಸಿದ ನಿತ್ಯಬಳಕೆಯ ಪಟ್ಟಿಯಲ್ಲಿಯೇ 2,136 ಕಾಂಜಿಗಳಿವೆ. ಇವನ್ನು ಕಲಿಯಲು ಈಗ ಎಲ್ಲರೂ ಕಾರ್ಡುಗಳನ್ನು ಆಶ್ರಯಿಸುತ್ತಾರೆ. ಒಂದು ಮಗ್ಗುಲಲ್ಲಿ ಅಕ್ಷರ, ಇನ್ನೊಂದು ಮಗ್ಗುಲಲ್ಲಿ ಉಚ್ಚಾರವೂ ಅರ್ಥವೂ. ಯಾವ ಕಾರ್ಡನ್ನು ಯಾವ ದಿನ ತೋರಿಸಬೇಕೆಂಬುದನ್ನು ಫೋನೇ ಗೊತ್ತುಮಾಡುತ್ತದೆ. ದಿನಕ್ಕೆ ಇಪ್ಪತ್ತು ಹೊಸ ಕಾರ್ಡುಗಳನ್ನು ಸೇರಿಸುತ್ತ ಹೋದರೆ ಕೆಲವು ವಾರಗಳಲ್ಲಿಯೇ ಹಳೆಯವುಗಳ ಸರದಿ ದಿನಕ್ಕೆ ನೂರನ್ನು ದಾಟುತ್ತದೆ. ಬೆಳಿಗ್ಗೆ ಬಸ್ಸು ಹಿಡಿದು ಕಾಲೇಜಿಗೆ ಬರುವ, ಸಂಜೆ ಮನೆಯ ಕೆಲಸಕ್ಕೂ ಹೆಗಲು ಕೊಡಬೇಕಾದ ನಮ್ಮಂಥವರಿಗೆ ಇದು ಸಣ್ಣ ಹೊರೆಯಲ್ಲ. ನಾಲ್ಕು ದಿನ ತಪ್ಪಿತೆಂದರೆ ಬಾಕಿ ಸಾಲದ ಬಡ್ಡಿಯಂತೆ ಬೆಳೆಯುತ್ತದೆ. ಅದನ್ನು ಕಂಡು ಬೆದರಿ ಭಾಷೆಯನ್ನೇ ಬಿಟ್ಟವರನ್ನು ನಾನು ಬಲ್ಲೆ. ಈ ನಿತ್ಯದ ಮನನವನ್ನು ಕಡಿಮೆ ಹೊತ್ತಿನಲ್ಲಿ ಮುಗಿಸುವ ಬಗೆ ಯಾವುದು? ಈ ಪ್ರಶ್ನೆಯನ್ನು ಗಡಿಯಾರ ಹಿಡಿದು ಮೊದಲು ಕೇಳಿದವನೇ ಎಬ್ಬಿಂಗ್‌ಹೌಸ್.

ಆತನು ಹುಟ್ಟಿದ್ದು 1850ರ ಜನವರಿ 24ರಂದು, ಪ್ರಷ್ಯದ ರೈನ್ ಪ್ರಾಂತದ ಬಾರ್ಮೆನ್ ಎಂಬ ನೇಯ್ಗೆಯ ಊರಿನಲ್ಲಿ. (ಕಾರ್ಲ್ ಮಾರ್ಕ್ಸನ ಗೆಳೆಯ ಎಂಗೆಲ್ಸನೂ ಇದೇ ಊರಿನವನು. ಈಗ ಬಾರ್ಮೆನ್ ವುಪ್ಪರ್ಟಾಲ್ ನಗರದ ಒಂದು ಭಾಗ.) ತಂದೆ ಅನುಕೂಲವಂತನಾದ ವ್ಯಾಪಾರಿ. ಹದಿನೇಳನೆಯ ವಯಸ್ಸಿನಲ್ಲಿ ಹುಡುಗ ಬಾನ್ ವಿಶ್ವವಿದ್ಯಾನಿಲಯವನ್ನು ಸೇರಿ ಇತಿಹಾಸವನ್ನೂ ಭಾಷೆಗಳನ್ನೂ ಓದಿದನು. ಹಾಲೆ, ಬರ್ಲಿನ್‌ಗಳಿಗೂ ಹೋಗಿಬಂದನು. 1870ರಲ್ಲಿ ಫ್ರಾನ್ಸಿನೊಡನೆ ಯುದ್ಧ ಹತ್ತಿದಾಗ ಓದನ್ನು ಬಿಟ್ಟು ಸೈನ್ಯಕ್ಕೆ ಸೇರಿದನು. ಹಿಂದಿರುಗಿ ಬಂದು 1873ರಲ್ಲಿ ತತ್ತ್ವಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನು ಗಳಿಸಿದನು. ಪ್ರಬಂಧದ ವಿಷಯ ಹಾರ್ಟ್‌ಮನ್ ಎಂಬ ಚಿಂತಕನ ಅಪ್ರಜ್ಞೆಯ ದರ್ಶನ. ಇಲ್ಲಿಯವರೆಗೆ ಅಂದಿನ ಜರ್ಮನಿಯ ನೂರಾರು ಪದವೀಧರರಿಗೂ ಇವನಿಗೂ ಅಷ್ಟೇನೂ ಭೇದವಿಲ್ಲ.

ಪದವಿ ಬಂದರೂ ನೆಲೆಯಾದ ಕೆಲಸ ಸಿಕ್ಕಲಿಲ್ಲ. ಕೆಲವು ವರ್ಷ ಇಂಗ್ಲೆಂಡ್, ಫ್ರಾನ್ಸ್‌ಗಳಲ್ಲಿ ಮನೆಪಾಠ ಹೇಳಿಕೊಂಡು ಅಲೆದನು. ಆ ಅಲೆದಾಟದ ಕಾಲದಲ್ಲಿ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಫೆಕ್ನರನ ಮನೋಭೌತಶಾಸ್ತ್ರದ ಗ್ರಂಥ ಆತನ ಕೈಗೆ ಸಿಕ್ಕಿತೆಂದು ಪ್ರತೀತಿ. 1860ರಲ್ಲಿ ಅಚ್ಚಾದ ಆ ಗ್ರಂಥದಲ್ಲಿ ಫೆಕ್ನರನು ಭಾರ, ಬೆಳಕು, ಶಬ್ದಗಳು ನಮ್ಮಲ್ಲಿ ಹುಟ್ಟಿಸುವ ಸಂವೇದನೆಗಳನ್ನು ಗಣಿತದ ಸೂತ್ರದಲ್ಲಿ ಕಟ್ಟಿ ತೋರಿಸಿದ್ದನು. ಸಂವೇದನೆಯನ್ನು ಅಳೆಯಬಹುದಾದರೆ ನೆನಪನ್ನೇಕೆ ಅಳೆಯಬಾರದು? ಲೈಪ್‌ಜಿಗ್‌ನಲ್ಲಿ 1879ರಲ್ಲಿ ಪ್ರಯೋಗಶಾಲೆಯನ್ನು ತೆರೆದ ವೂಂಟನಂಥ ಹಿರಿಯನೇ ನೆನಪು ಮೊದಲಾದ ಉನ್ನತ ವ್ಯಾಪಾರಗಳು ಪ್ರಯೋಗಕ್ಕೆ ನಿಲುಕವೆಂದು ತಿಳಿದಿದ್ದ ಕಾಲವದು. ಎಬ್ಬಿಂಗ್‌ಹೌಸನಿಗಾದರೋ ಪ್ರಯೋಗಶಾಲೆಯಿರಲಿಲ್ಲ, ಗುರುವಿರಲಿಲ್ಲ, ಶಿಷ್ಯರಿರಲಿಲ್ಲ. ಇದ್ದದ್ದು ಟಿಕ್‌ಟಿಕ್ ಎನ್ನುವ ಒಂದು ಗಡಿಯಾರ, ಮತ್ತು ತನ್ನದೇ ತಲೆ. 1879ರಲ್ಲಿ ಅವೆರಡನ್ನೇ ನಂಬಿ ಕುಳಿತನು.

ಆತನು ಹೂಡಿದ ಉಪಾಯ ನೋಡಲು ಬಾಲಿಶವಾಗಿ ಕಾಣುತ್ತದೆ. ಪದ್ಯವನ್ನೋ ಗದ್ಯವನ್ನೋ ಕಂಠಪಾಠ ಮಾಡಿದರೆ ಒಂದು ಪದ ಪರಿಚಿತ, ಇನ್ನೊಂದು ಅಪರಿಚಿತ, ಅಳತೆ ಕೆಡುತ್ತದೆ. ಆದುದರಿಂದ ವ್ಯಂಜನ, ಸ್ವರ, ವ್ಯಂಜನ ಎಂಬ ಕ್ರಮದಲ್ಲಿ ಅರ್ಥವಿಲ್ಲದ ಸುಮಾರು 2,300 ಶಬ್ದಾಂಶಗಳನ್ನು ಕಟ್ಟಿದನು. ಅವುಗಳನ್ನು ಕಲಸಿ, ಬಂದದ್ದು ಬಂದಂತೆ ಎತ್ತಿ, ಸಾಲುಗಳನ್ನಾಗಿ ಜೋಡಿಸಿದನು. ಬಳಿಕ ಗಡಿಯಾರದ ತಾಳಕ್ಕೆ ಸರಿಯಾಗಿ, ನಿಮಿಷಕ್ಕೆ 150ರ ವೇಗದಲ್ಲಿ ಓದುತ್ತ, ಸಾಲು ತಪ್ಪಿಲ್ಲದೆ ಬಾಯಿಗೆ ಬರುವ ತನಕ ಮತ್ತೆ ಮತ್ತೆ ಹೇಳಿಕೊಂಡನು. ಎಲ್ಲಿಯೂ ನಿಲ್ಲುವಂತಿಲ್ಲ, ಒಂದು ಶಬ್ದಕ್ಕೆ ಕತೆ ಕಟ್ಟಿ ನೆನಪಿಟ್ಟುಕೊಳ್ಳುವಂತಿಲ್ಲ. ಒಂದು ಸಾಲು ಮುಗಿದರೆ ಹದಿನೈದು ಸೆಕೆಂಡು ವಿರಾಮ, ಮತ್ತೆ ಮುಂದಿನ ಸಾಲು. ಪ್ರಯೋಗದ ಕಾಲದಲ್ಲಿ ದಿನಚರಿಯನ್ನು ಆದಷ್ಟೂ ಒಂದೇ ಹದದಲ್ಲಿ ಇಟ್ಟುಕೊಂಡನು. ಸಂಜೆಯ ಹೊತ್ತಿನಲ್ಲಿ ಅದೇ ಕೆಲಸಕ್ಕೆ ಹಗಲಿಗಿಂತ ಹೆಚ್ಚು ಕಾಲ ಹಿಡಿಯುತ್ತದೆಂಬುದನ್ನೂ ಗುರುತಿಸಿ, ಒಂದರ ಲೆಕ್ಕದೊಡನೆ ಇನ್ನೊಂದು ಬೆರೆಯದಂತೆ ನೋಡಿಕೊಂಡನು. ಮರೆವಿನ ಒಂದು ಪ್ರಯೋಗಕ್ಕಾಗಿಯೇ ಹದಿಮೂರು ಶಬ್ದಾಂಶಗಳ ಎಂಟು ಸಾಲುಗಳಂತೆ 163 ಸಲ ಕಲಿತು ಮತ್ತೆ ಕಲಿತನು. 1,304 ಸಾಲುಗಳು, ಒಂದಕ್ಕೂ ಅರ್ಥವಿಲ್ಲ! ಮಗ್ಗಿ ಬಾಯಿಗೆ ಬಾರದಿದ್ದರೆ ಏಟು ಬೀಳುತ್ತಿದ್ದ ಶಾಲೆಯ ಮಕ್ಕಳಿಗೂ ಇಷ್ಟು ಕಷ್ಟವಿರಲಿಲ್ಲ. ಮಕ್ಕಳಿಗೆ ಮೇಷ್ಟರ ಭಯವಿತ್ತು. ಇವನನ್ನು ಕಾಯುವವರು ಯಾರೂ ಇರಲಿಲ್ಲ. 1883ರಲ್ಲಿ ಮತ್ತೆ ಪ್ರಯೋಗಕ್ಕೆ ಕುಳಿತು ಮೊದಲ ಫಲಗಳನ್ನು ತಾನೇ ಪರೀಕ್ಷಿಸಿದನೆಂಬುದನ್ನು ಓದಿದಾಗ ನನಗೆ ಆತನ ಮೇಲೆ ಗೌರವ ಹುಟ್ಟಿತು.

ಇಲ್ಲಿ ಆತನ ಪ್ರತಿಭೆ ಬೆಳಗುವುದು ಅಳತೆಗೋಲಿನ ಆಯ್ಕೆಯಲ್ಲಿ. ಎಷ್ಟು ನೆನಪಿದೆ ಎಂದು ಆತನು ಕೇಳಲಿಲ್ಲ. ಮರೆತುಹೋದದ್ದನ್ನು ಮತ್ತೆ ಕಲಿಯಲು ಮೊದಲಿಗಿಂತ ಎಷ್ಟು ಹೊತ್ತು ಉಳಿಯಿತು ಎಂದು ಕೇಳಿದನು. ಬಾಯಿಗೆ ಒಂದು ಶಬ್ದವೂ ಬಾರದಿರಬಹುದು. ಆದರೂ ಎರಡನೆಯ ಸಲ ಕಲಿಯುವಾಗ ಶ್ರಮ ಕಡಿಮೆಯಾದರೆ, ಮೊದಲ ಕಲಿಕೆ ಎಲ್ಲಿಯೋ ಉಳಿದಿದೆಯೆಂದೇ ಅರ್ಥ. ಈ ಉಳಿತಾಯ ಇಪ್ಪತ್ತು ನಿಮಿಷಗಳ ಬಳಿಕ ಶೇಕಡ 58. ಒಂದು ಗಂಟೆಯ ಬಳಿಕ 44. ಒಂದು ದಿನದ ಬಳಿಕ 34ರ ಸಮೀಪ. ಎರಡು ದಿನಕ್ಕೆ 28. ಆರು ದಿನಕ್ಕೆ 25. ಮೂವತ್ತೊಂದು ದಿನಕ್ಕೆ 21. ಪಠ್ಯಪುಸ್ತಕದ ಗೆರೆ ಇದೇ. ನಾವೆಲ್ಲ ಅದರ ಮೊದಲ ಇಳಿಜಾರನ್ನು ಕಂಡು ಹೌಹಾರುತ್ತೇವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಬಾಲ. ಆರು ದಿನಕ್ಕೂ ಮೂವತ್ತೊಂದು ದಿನಕ್ಕೂ ನಡುವೆ ನಷ್ಟವಾದದ್ದು ಕೇವಲ ನಾಲ್ಕರಷ್ಟು. ಪರೀಕ್ಷೆಗಾಗಿಯೋ ಸುಗ್ಗಿಗಾಗಿಯೋ ಒಂದು ತಿಂಗಳು ಕಾರ್ಡುಗಳನ್ನು ಮುಟ್ಟದವನು ಒಂದು ವಾರ ಬಿಟ್ಟವನಿಗಿಂತ ಬಹಳ ಬಡವನೇನೂ ಅಲ್ಲ. ಬಾಕಿಯ ಸಂಖ್ಯೆ ದೊಡ್ಡದಾಗಿರುತ್ತದೆ, ನಿಜ. ಒಂದೊಂದನ್ನು ಮತ್ತೆ ಕಲಿಯುವ ಬೆಲೆ ಅಷ್ಟಾಗಿ ಏರಿರುವುದಿಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತಲೂ ಸೊಗಸಾಗಿದೆ. ಹನ್ನೆರಡು ಶಬ್ದಾಂಶಗಳ ಸಾಲುಗಳನ್ನು ಆರು ದಿನ, ದಿನಕ್ಕೊಮ್ಮೆ, ಬಾಯಿಗೆ ಬರುವವರೆಗೆ ಕಲಿತನು. ಮೊದಲ ದಿನ ಸರಾಸರಿ ಹದಿನಾರೂವರೆ ಸಲ ಹೇಳಬೇಕಾಯಿತು. ಎರಡನೆಯ ದಿನ ಹನ್ನೊಂದು. ಮೂರನೆಯ ದಿನ ಏಳೂವರೆ. ಮುಂದೆ ಐದು, ಮೂರು, ಕೊನೆಗೆ ಎರಡೂವರೆ. ಮೊದಲ ದಿನವೇ ಹಟ ಹಿಡಿದು ಹೆಚ್ಚು ಹೇಳಿದರೆ? ಅದನ್ನೂ ನೋಡಿದನು. ಒಂದೇ ದಿನ ಎಡೆಬಿಡದೆ 68 ಸಲ ಹೇಳಿದುದರಿಂದ ಮರುದಿನ ಎಷ್ಟು ಫಲ ದೊರೆಯಿತೋ, ಮೂರು ದಿನಗಳಿಗೆ ಹಂಚಿ ಒಟ್ಟು 38 ಸಲ ಹೇಳಿದುದರಿಂದಲೂ ಅಷ್ಟೇ ಫಲ ದೊರೆಯಿತು. ಮೂವತ್ತು ಸಲದ ದುಡಿಮೆ ಹಾಗೆಯೇ ಉಳಿಯಿತು. ಉಳಿಸಿದ್ದು ನಡುವಣ ರಾತ್ರಿಗಳು. ಕಾರ್ಡುಗಳನ್ನು ಬೇಗ ಮುಗಿಸಬೇಕೆನ್ನುವವನು ಇವತ್ತಿನ ಕಾರ್ಡಿನ ಮುಂದೆ ಹೆಚ್ಚು ಹೊತ್ತು ಕೂರಬೇಕಾಗಿಲ್ಲ. ಬಾರದಿದ್ದರೆ ಅರೆಗಳಿಗೆಯಲ್ಲಿ ತಿರುವಿ ನೋಡಿ ಮುಂದಕ್ಕೆ ಹೋಗಬೇಕು, ನಾಳೆ ತಪ್ಪದೆ ಬರಬೇಕು. ಗಡಿಯಾರದ ತಾಳ ತಪ್ಪಿಸದೆ ಓದಿದ ಎಬ್ಬಿಂಗ್‌ಹೌಸನ ರೀತಿಯೂ ಇದೇ.

ಅರ್ಥಹೀನವಾದುದರಲ್ಲೇ ಮುಳುಗಿದ್ದ ಈತನು ಅರ್ಥದ ಬೆಲೆಯನ್ನೂ ತೂಗಿ ನೋಡಿದನು. ಇಂಗ್ಲಿಷ್ ಕವಿ ಬೈರನ್ನನ ಡಾನ್ ಜುವಾನ್ ಕಾವ್ಯದ ಪದ್ಯಗಳನ್ನು ಕಂಠಪಾಠ ಮಾಡಿದಾಗ, ಅಷ್ಟೇ ಉದ್ದದ ಅರ್ಥಹೀನ ಸಾಲಿಗೆ ಹಿಡಿಯುವ ಶ್ರಮದ ಸುಮಾರು ಹತ್ತನೆಯ ಒಂದು ಪಾಲು ಸಾಕಾಯಿತು. ಕಾಂಜಿಗಳನ್ನು ಬರಿಯ ಗೀಚುಗಳೆಂದು ನೋಡುವವನಿಗೂ ಒಳಗಿನ ರಚನೆಯನ್ನು ಬಲ್ಲವನಿಗೂ ಇರುವ ಅಂತರ ಇದೇ. ಮರಕ್ಕೆ ಒಂದು ಚಿಹ್ನೆ, ಓದುವುದು ಕಿ ಎಂದು. ಅದನ್ನೇ ಎರಡು ಸಲ ಬರೆದರೆ ತೋಪು, ಹಯಾಶಿ. ಮೂರು ಸಲ ಬರೆದರೆ ಕಾಡು, ಮೊರಿ. ಇದು ತಿಳಿದವನಿಗೆ ಮೂರು ಕಾರ್ಡುಗಳ ಭಾರ ಒಂದೂವರೆಗೆ ಇಳಿಯುತ್ತದೆ.

1885ರಲ್ಲಿ ನೆನಪನ್ನು ಕುರಿತ ಆತನ ಚಿಕ್ಕ ಪುಸ್ತಕ ಪ್ರಕಟವಾಯಿತು. ಆಗ ಆತನು ಬರ್ಲಿನ್‌ನಲ್ಲಿ, ಸಂಬಳವಿಲ್ಲದೆ ವಿದ್ಯಾರ್ಥಿಗಳು ಕೊಡುವ ಶುಲ್ಕದ ಮೇಲೆ ಪಾಠ ಹೇಳುವ ಉಪನ್ಯಾಸಕ. ಮರುವರ್ಷ ಕಿರಿಯ ಪ್ರಾಧ್ಯಾಪಕನಾದನು. 1890ರಲ್ಲಿ ಕ್ಯೋನಿಗ್ ಎಂಬ ಭೌತವಿಜ್ಞಾನಿಯೊಡನೆ ಸೇರಿ ಮನಃಶಾಸ್ತ್ರಕ್ಕೂ ಇಂದ್ರಿಯಶಾಸ್ತ್ರಕ್ಕೂ ಮೀಸಲಾದ ಪತ್ರಿಕೆಯನ್ನು ಆರಂಭಿಸಿದನು. ಆದರೆ ಬರೆದು ಪ್ರಕಟಿಸುವುದರಲ್ಲಿ ಆತನು ಮಂದಗತಿಯವನು. 1894ರಲ್ಲಿ ಬರ್ಲಿನ್‌ನ ಹಿರಿಯ ಪೀಠ ಕಾರ್ಲ್ ಸ್ಟುಂಪ್‌ಫ್ ಎಂಬಾತನಿಗೆ ಹೋಯಿತು. ಎಬ್ಬಿಂಗ್‌ಹೌಸನು ಬ್ರೆಸ್ಲೌಗೆ ನಡೆದನು. (ಈಗ ಅದು ಪೋಲೆಂಡಿನ ವ್ರೊತ್ಸ್ವಾಫ್.) ಪುಟಗಳನ್ನು ಎಣಿಸಿ ವಿದ್ವತ್ತನ್ನು ಅಳೆಯುವ ಪದ್ಧತಿ ಹೊಸದಲ್ಲ. ನೂರಾರು ದಿನ ಶಬ್ದಗಳ ಮುಂದೆ ಕುಳಿತವನು ಬೇಗಬೇಗ ಗ್ರಂಥಗಳನ್ನು ಹೊರತರಲಾರನೆಂಬುದು ನೇಮಕ ಮಾಡುವವರಿಗೆ ಹೊಳೆಯಬೇಕಿತ್ತೆಂದು ನನ್ನ ಅನಿಸಿಕೆ.

ಬ್ರೆಸ್ಲೌ ನಗರದ ಶಾಲೆಗಳಲ್ಲಿ ಎಡೆಬಿಡದ ಪಾಠಗಳಿಂದ ಮಕ್ಕಳು ಎಷ್ಟು ದಣಿಯುತ್ತಾರೆಂಬ ಪ್ರಶ್ನೆ ಎದ್ದಾಗ ಅಲ್ಲಿಯವರು ಈತನ ನೆರವನ್ನು ಕೋರಿದರು. 1897ರಲ್ಲಿ ಆತನು ಪ್ರಕಟಿಸಿದ ಪರೀಕ್ಷೆಗಳಲ್ಲಿ ಒಂದು, ವಾಕ್ಯಗಳ ನಡುವೆ ಪದಗಳನ್ನೋ ಪದದ ತುಣುಕುಗಳನ್ನೋ ಬಿಟ್ಟು ಮಕ್ಕಳಿಂದ ತುಂಬಿಸುವುದು. ನಮ್ಮ ಪ್ರಶ್ನೆಪತ್ರಿಕೆಗಳ ಬಿಟ್ಟ ಸ್ಥಳಕ್ಕೆ ಇದು ಹತ್ತಿರದ ನೆಂಟ. ಈಗ ಜಪಾನೀ ಕಲಿಯುವವರು ಪೂರ್ಣ ವಾಕ್ಯವನ್ನು ಬರೆದು ಒಂದು ಪದವನ್ನು ಮಾತ್ರ ಮುಚ್ಚಿಟ್ಟು ಕಾರ್ಡು ಮಾಡಿಕೊಳ್ಳುವುದೂ ಇದೇ ಜಾತಿಯದು.

1905ರಲ್ಲಿ ಆತನು ಹಾಲೆ ವಿಶ್ವವಿದ್ಯಾನಿಲಯಕ್ಕೆ ಬಂದನು. 1908ರಲ್ಲಿ ಮನಃಶಾಸ್ತ್ರದ ಸಂಗ್ರಹ ಗ್ರಂಥವೊಂದನ್ನು ಬರೆದನು. ಅದಕ್ಕೂ ಮೊದಲೇ ಹೊರಬಂದ, ಫೆಕ್ನರನಿಗೆ ಅರ್ಪಿಸಿದ ದೊಡ್ಡ ಗ್ರಂಥ ಆತನಿಗೆ ಒಳ್ಳೆಯ ಹೆಸರು ತಂದಿತ್ತು. ಈ ನಡುವೆ ಒಂದು ವಿಚಿತ್ರ ಪ್ರಯೋಗವನ್ನು ಮಾಡಿದನು. ತರುಣನಾಗಿದ್ದಾಗ ಕಲಿತಿದ್ದ ಡಾನ್ ಜುವಾನ್ ಪದ್ಯಗಳನ್ನು ಇಪ್ಪತ್ತೆರಡು ವರ್ಷಗಳ ಬಳಿಕ ಮತ್ತೆ ತೆಗೆದು ಕಲಿತನು. ಇಷ್ಟು ಕಾಲ ಕಳೆದಿದ್ದರೂ ಉಳಿತಾಯ ಸೊನ್ನೆಯಾಗಿರಲಿಲ್ಲ. ಶೇಕಡ ಏಳರಷ್ಟು ಉಳಿದಿತ್ತು.

1909ರ ಫೆಬ್ರವರಿ 26ರಂದು ನ್ಯುಮೋನಿಯದಿಂದ ಹಾಲೆಯಲ್ಲಿ ತೀರಿಕೊಂಡಾಗ ಆತನಿಗೆ ಐವತ್ತೊಂಬತ್ತು ವರ್ಷ.

ಆತನ ಲೆಕ್ಕದ ಪುಸ್ತಕ ಮಾತ್ರ ಕೈಯಿಂದ ಕೈಗೆ ಸಾಗಿತು. 1972ರಲ್ಲಿ ಲೈಟ್ನರ್ ಎಂಬ ಪತ್ರಕರ್ತನು ಕಾರ್ಡುಗಳನ್ನು ಪೆಟ್ಟಿಗೆಯ ಖಾನೆಗಳಲ್ಲಿ ಹಂಚಿ, ಬಂದುದನ್ನು ದೂರಕ್ಕೂ ಬಾರದುದನ್ನು ಹತ್ತಿರಕ್ಕೂ ಇಡುವ ವಿಧಾನವನ್ನು ಜನಪ್ರಿಯಗೊಳಿಸಿದನು. 2006ರಲ್ಲಿ ಜಪಾನೀ ಭಾಷೆಯನ್ನು ಕಲಿಯುತ್ತಿದ್ದ ಡೇಮಿಯನ್ ಎಲ್ಮ್ಸ್ ಎಂಬಾತನು ಇದೇ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಿ, ಆ ತಂತ್ರಾಂಶಕ್ಕೆ ಅಂಕಿ ಎಂದು ಹೆಸರಿಟ್ಟನು. ನಮಗೆ ಅದು ಲೆಕ್ಕದ ಪದ. ಜಪಾನೀಯರಿಗೆ ಕಂಠಪಾಠವೆಂದು ಅರ್ಥ. 2015ರಲ್ಲಿ ನೆದರ್ಲೆಂಡ್ಸ್‌ನ ಇಬ್ಬರು ಸಂಶೋಧಕರು ಎಬ್ಬಿಂಗ್‌ಹೌಸನ ಪ್ರಯೋಗವನ್ನು ಮತ್ತೆ ನಡೆಸಿದರು. ಅವರಲ್ಲೊಬ್ಬನು ಅರ್ಥವಿಲ್ಲದ ಸಾಲುಗಳ ಮುಂದೆ ಎಪ್ಪತ್ತು ಗಂಟೆ ಕುಳಿತು ಕಲಿತನು, ಮರೆತನು, ಮತ್ತೆ ಕಲಿತನು. ದೊರೆತ ಗೆರೆ, ಆ ಹಳೆಯ ಗೆರೆಯ ಪಕ್ಕದಲ್ಲಿ ಇಟ್ಟಾಗ, ಬಹುಮಟ್ಟಿಗೆ ಅದರ ಮೇಲೆಯೇ ಕುಳಿತಿತು.